ಮೇಸ್ತ್ರಿಯ ಪಾಲಿಗೆ ಬಂದ ಹಾಡು

ಕೆಲಸದ ಜಾಗದಲ್ಲಿ ಅವರನ್ನು ಎಲ್ಲರೂ ರಸಮಟ್ಟ ಅಂತಲೇ ಕರೆಯುತ್ತಿದ್ದರು. ಗೋಡೆಯ ಮೇಲೆ ಇಟ್ಟರೆ ಒಳಗಿನ ಗುಳ್ಳೆ ನಡುವೆ ಬಂದು ನಿಂತು, ಮಟ್ಟ ಸರಿಯಿದೆ ಎಂದು ತೋರಿಸುತ್ತದಲ್ಲ, ಆ ಉಪಕರಣದ ಹೆಸರು. ಅದನ್ನು ಚೀಲದಿಂದ ತೆಗೆಯುವ ಮೊದಲೇ ಮೇಸ್ತ್ರಿ ಒಂದು ಕಣ್ಣು ಮುಚ್ಚಿ ನೋಡಿ, ಆ ಮೂಲೆ ಒಂದು ನೂಲು ತಗ್ಗಿದೆ ಎಂದುಬಿಡುತ್ತಿದ್ದರು. ಅಳೆದು ನೋಡಿದರೆ ಅಷ್ಟೇ ತಗ್ಗಿರುತ್ತಿತ್ತು. ಮೂವತ್ತೆರಡು ವರ್ಷ ಗಾರೆ ಕೆಲಸ ಮಾಡಿದ ಮನುಷ್ಯ. ಮಾತು ಕಮ್ಮಿ. ಭಾನುವಾರ ಚರ್ಚಿನ ಗಾಯಕರ ಹಿಂದಿನ ಸಾಲಿನಲ್ಲಿ ನಿಂತು ಬಾಯಿ ತೆರೆದರೆ ಮಾತ್ರ ಬಾವಿಯ ತಳದಿಂದ ಬಂದಂಥ ದನಿ. ಪಕ್ಕದಲ್ಲಿ ನಿಂತು ಹಾಡುತ್ತಿದ್ದ ಬೇಕರಿಯವನು, ಇವರು ಕೆಳಸ್ಥಾಯಿ ಹಿಡಿದರೆ ತನ್ನ ಅಂಗಡಿಯಲ್ಲಿ ಹಿಟ್ಟು ಉಬ್ಬುವುದೇ ನಿಂತುಹೋಗುತ್ತದೆ ಎಂದು ತಮಾಷೆ ಮಾಡುತ್ತಿದ್ದ.

ತಮ್ಮ ಸ್ವಂತ ಮನೆಯನ್ನು ಮೇಸ್ತ್ರಿ ತಮ್ಮ ಕೈಯಾರೆ ಕಟ್ಟಿದ್ದರು. ಎರಡು ಕೋಣೆ, ಒಂದು ಅಡುಗೆಮನೆ, ಮೇಲೆ ತಾರಸಿ. ಮಗಳ ಮದುವೆಯ ಹೊತ್ತಿಗೆ ಮೇಲೊಂದು ಅಂತಸ್ತು ಎಬ್ಬಿಸುವ ಲೆಕ್ಕಾಚಾರ. ಈಗ ತಾರಸಿಯ ಸುತ್ತ ಗೋಡೆ ಕಟ್ಟಿದರೆ ಆಗ ಒಡೆಯಬೇಕಲ್ಲ ಎಂದು ಹಾಗೇ ಬಿಟ್ಟರು. ನಾಲ್ಕು ಮೂಲೆಯಲ್ಲಿ ಕಬ್ಬಿಣದ ಸರಳುಗಳು ತಲೆ ಎತ್ತಿ ನಿಂತಿದ್ದವು. ಮಗಳು ಮದುವೆಯಾಗಿ ದೂರದ ಊರು ಸೇರಿದಳು. ಅಂತಸ್ತು ಏಳಲಿಲ್ಲ, ಗೋಡೆಯೂ ಏಳಲಿಲ್ಲ. ಮೇಸ್ತ್ರಿಗೆ ಬೇರೆಯವರ ಮನೆಗಳಿಂದ ಬಿಡುವಾದರೆ ತಾನೇ.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೆಂಡತಿ ಒಣಗಿದ ಹೊದಿಕೆ ತೆಗೆಯಲು ಮೇಲೆ ಹೋದಳು. ಗಾಳಿಗೆ ಹೊದಿಕೆ ಮುಖಕ್ಕೆ ಸುತ್ತಿಕೊಂಡಿತು. ಬಿಡಿಸಿಕೊಳ್ಳಲು ಎರಡು ಹೆಜ್ಜೆ ಹಿಂದೆ ಇಟ್ಟಳು. ಮೇಸ್ತ್ರಿ ಆಗ ಯಾರದೋ ಅಡುಗೆಮನೆಗೆ ಗಿಲಾವು ಹಚ್ಚುತ್ತಿದ್ದರು. ಸುದ್ದಿ ತಂದವನ ಮಾತು ಮುಗಿಯುವ ಮೊದಲೇ ಓಡಿದರು, ಗಾರೆ ಹಚ್ಚುವ ಕರಣೆ ಕೈಯಲ್ಲೇ ಇತ್ತು. ಸೊಂಟದಿಂದ ಕೆಳಗೆ ಇನ್ನು ಚೇತರಿಕೆ ಇಲ್ಲ ಎಂದು ಡಾಕ್ಟರು ಹೇಳಿದರು. ಆಕೆ ಆಸ್ಪತ್ರೆಯಲ್ಲಿರುವಾಗಲೇ ಮೇಸ್ತ್ರಿ ಒಬ್ಬರೇ ಮೂರು ದಿನದಲ್ಲಿ ತಾರಸಿಯ ಸುತ್ತ ಎದೆಮಟ್ಟದ ಗೋಡೆ ಕಟ್ಟಿ ಮುಗಿಸಿದರು. ಆಮೇಲೆ ಅಲ್ಲಿಗೆ ಯಾರೂ ಹತ್ತಲಿಲ್ಲ. ಗಂಡಹೆಂಡಿರ ನಡುವೆ ಆ ಮಾತು ಒಂದು ದಿನವೂ ಬರಲಿಲ್ಲ.

ಇದೆಲ್ಲ ಚರ್ಚಿನವರಿಗೆಲ್ಲ ಗೊತ್ತಿತ್ತು, ಸಂಗೀತದ ಟೀಚರ್ ಒಬ್ಬರನ್ನು ಬಿಟ್ಟು. ಅವರು ಊರಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಬೈಬಲಿನ ಕಟ್ಟಳೆಗಳ ಮೇಲೆ ಅವರೊಂದು ಗೀತನಾಟಕ ಬರೆದಿದ್ದರು. ದೇವರ ಆಜ್ಞೆ ಎಂದರೆ ಬೆತ್ತ ಹಿಡಿದ ಕೈ ಎಂದೇ ಜನ ಹೆದರುತ್ತಾರೆ, ಒಂದೊಂದನ್ನೂ ನಿಧಾನವಾಗಿ ಓದಿದರೆ ಅದರ ಹಿಂದೆ ಯಾರದೋ ಕಾಳಜಿ ಇರುತ್ತದೆ ಎನ್ನುವುದು ಅವರ ವಾದ. ಪೈರು ಕೊಯ್ಯುವಾಗ ಹೊಲದ ಅಂಚನ್ನು ಬಡವರಿಗೆ ಬಿಡಬೇಕು, ಕಿವುಡನನ್ನು ಬೈಯಬಾರದು, ಮರಿಗಳ ಜೊತೆ ತಾಯಿಹಕ್ಕಿಯನ್ನೂ ಹಿಡಿಯಬಾರದು. ಹೀಗೆ ಒಂದೊಂದು ಕಟ್ಟಳೆಗೆ ಒಂದೊಂದು ಹಾಡು. ಹಾಳೆಗಳನ್ನು ಹಂಚುತ್ತಾ ಬಂದು ಮೇಸ್ತ್ರಿಯ ಮುಂದೆ ನಿಂತು ಟೀಚರ್ ನಕ್ಕರು. ಇದನ್ನು ಮನೆ ಕಟ್ಟುವವರೇ ಹಾಡಬೇಕು, ನಿಮ್ಮನ್ನು ನೆನೆಸಿಕೊಂಡೇ ಬರೆದೆ ಎಂದರು.

ಹಾಳೆಯಲ್ಲಿ ಹೀಗಿತ್ತು:

ಹೊಸ ಮನೆಯ ಕಟ್ಟುವವನೇ, ಮಾಳಿಗೆಗೆ ಗೋಡೆಯಿಡು,
ನೀ ಕಾಣದ ಗಳಿಗೆಯಲಿ ಅಂಚಿಗೆ ಯಾರೋ ಬಂದಾರು.

ಹಿಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ಬೇಕರಿಯವನು ಇಲ್ಲದ ಕೆಮ್ಮು ಕೆಮ್ಮಿದ. ಆಗುವುದಿಲ್ಲ ಎಂದು ಹೇಳಲೆಂದೇ ಮೇಸ್ತ್ರಿ ಬಾಯಿ ತೆರೆದರು. ಆದರೆ ಹೊರಗೆ ಬಂದ ಮಾತು, "ಆಗಲಿ ಟೀಚರ್."

ಅದೇ ವಾರ ಬಟ್ಟೆ ವ್ಯಾಪಾರಿಯೊಬ್ಬನ ಮನೆಗೆ ಮೇಲ್ಛಾವಣಿ ಹಾಕಿ ಮುಗಿದಿತ್ತು. ಸುತ್ತಲಿನ ಗೋಡೆ ಸದ್ಯಕ್ಕೆ ಬೇಡ, ಬರುವ ವರ್ಷ ಇನ್ನೊಂದು ಅಂತಸ್ತು ಏಳಿಸ್ತೀವಲ್ಲ ಎಂದ ಯಜಮಾನ. ತಾತ್ಕಾಲಿಕವಾಗಿಯಾದರೂ ಎರಡಡಿ ಕಟ್ಟೋಣ ಎಂದು ಮೇಸ್ತ್ರಿ ಎರಡು ಮೂರು ಸಲ ಹೇಳಿ ನೋಡಿದರು. ಅಂಚು ಕಾಣದೇ ಇರೋಕೆ ನಾವೇನು ಕುರುಡರೇ ಎಂದು ಆತ ನಕ್ಕ. ಹೆಂಡತಿಯ ವಿಷಯ ಹೇಳಿದ್ದರೆ ಬಹುಶಃ ಕೇಳುತ್ತಿದ್ದ. ಕೆಳಗೆ ಬಚ್ಚಲಿಗೆ ಟೈಲ್ಸ್ ಹಾಕಲು ಕಳಿಸಿದ. ಮೇಸ್ತ್ರಿ ಇಳಿದು ಹೋಗಿ ಟೈಲ್ಸ್ ಹಾಕಿದರು.

ಮನೆಯಲ್ಲಿ ದಿನಾ ಸಂಜೆ ಹೆಂಡತಿಯ ಕಾಲುಗಳನ್ನು ಮಡಿಸಿ ಬಿಡಿಸುವ ವ್ಯಾಯಾಮ ಮಾಡಿಸುತ್ತಿದ್ದರು. ಆಸ್ಪತ್ರೆಯವರು ಹೇಳಿಕೊಟ್ಟಿದ್ದು, ಒಂದೊಂದಕ್ಕೆ ಇಪ್ಪತ್ತು ಸಲ. ಎಣಿಸುವ ಬದಲು ತಮಗೇ ತಿಳಿಯದಂತೆ ಗುನುಗತೊಡಗಿದ್ದರು. ಅದೇನು ಎಂದು ಆಕೆ ಕೇಳಿದಳು. ಕಾರ್ಯಕ್ರಮದ್ದು ಎಂದು ತೇಲಿಸಿಬಿಟ್ಟರು. ಮಾರನೆಯ ದಿನವೂ ಕೇಳಿದಳು. ಮೂರನೆಯ ದಿನ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಬೈಬಲಿನ ಹಳೆಯ ಕಟ್ಟಳೆ ಎಂದು ಹೇಳಿ, ಆಕೆಯ ಕಾಲನ್ನು ಕೈಯಲ್ಲಿ ಹಿಡಿದುಕೊಂಡೇ ಮೊದಲ ಚರಣ ಹಾಡಿದರು.



"ನೋಡಿ," ಎಂದಳು, "ಯಾರೋ ಎಷ್ಟು ಹಿಂದೆಯೇ ನನ್ನ ಬಗ್ಗೆ ಯೋಚನೆ ಮಾಡಿಟ್ಟಿದಾರೆ."

"ಮಾಡಬೇಕಾಗಿದ್ದೋನು ನಾನು."

"ಆ ಕಾಲಿಗೆ ಇನ್ನೂ ಹದಿನಾಲ್ಕು ಬಾಕಿ ಇದೆ ರೀ," ಎಂದಳು.

ಕಾರ್ಯಕ್ರಮಕ್ಕೆ ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ಚರ್ಚಿನ ಸಭಾಂಗಣಕ್ಕೆ ಐದು ಮೆಟ್ಟಿಲು. ಗಾಲಿಕುರ್ಚಿ ಹತ್ತಲು ಇಳಿಜಾರು ದಾರಿ ಮಾಡಿಕೊಡುತ್ತೇನೆ ಎಂದು ಮೇಸ್ತ್ರಿ ಎರಡು ವರ್ಷದ ಹಿಂದೆಯೇ ಕೇಳಿದ್ದರು. ಚರ್ಚಿನ ಸಮಿತಿಯವರು ಮುಂದಿನ ಸಭೆಯಲ್ಲಿ ನೋಡೋಣ ಎಂದಿದ್ದರು, ಇನ್ನೂ ನೋಡುತ್ತಲೇ ಇದ್ದರು. ಭಾನುವಾರ ಮಧ್ಯಾಹ್ನ ನಾಲ್ಕು ಜನ ಸೇರಿ ಕುರ್ಚಿಯನ್ನು ಎತ್ತಿದರು. ಹತ್ತಿಸಿ ಇಳಿಸುವ ತನಕ ಆಕೆ ಕಣ್ಣು ಮುಚ್ಚಿಕೊಂಡಿದ್ದಳು. ಎತ್ತರ ಎಂದರೆ ಈಗ ಐದು ಮೆಟ್ಟಿಲೂ ಆಕೆಗೆ ಎತ್ತರವೇ.

ಹೊಲದ ಹಾಡು ಮುಗಿಯಿತು, ಹಕ್ಕಿಗೂಡಿನ ಹಾಡಿಗೆ ಜನ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಕೈಯಲ್ಲಿ ಕರಣೆ ಹಿಡಿದು ಮುಂದೆ ಬಂದರು. ಮೊದಲ ಚರಣ ಗಟ್ಟಿಯಾಗಿಯೇ ಬಂತು. ಆ ದನಿಗೆ ಮಾತಾಡುತ್ತಿದ್ದವರೂ ಸುಮ್ಮನಾದರು. ಎರಡನೆಯ ಚರಣದ ಮೊದಲ ಸಾಲು, ಬರುವವರು ನಿನ್ನವರೇ ಇರಬಹುದು ಎಂದು. ಬಾಯಿ ತೆರೆದರು. ಹಾಡು ಬರಲಿಲ್ಲ. ಮರೆತಿದ್ದಾರೆಂದುಕೊಂಡ ಟೀಚರ್ ಕೀಬೋರ್ಡಿನಲ್ಲಿ ಆ ಸಾಲನ್ನು ಮತ್ತೆ ನುಡಿಸಿದರು. ಮತ್ತೊಂದು ಸಲ ನುಡಿಸಿದರು, ತುಟಿ ಆಡಿಸಿ ಮಾತು ಎತ್ತಿಕೊಟ್ಟರು. ಮೇಸ್ತ್ರಿಗೆ ಕಾಣುತ್ತಿದ್ದದ್ದು ನಡುವಿನ ದಾರಿಯಲ್ಲಿ ನಿಂತ ಗಾಲಿಕುರ್ಚಿ ಒಂದೇ. ಆಕೆ ಅವರನ್ನೇ ನೋಡುತ್ತಾ ಕೂತಿದ್ದಳು. ಮೂರನೆಯ ಸಲಕ್ಕೆ ಹೆಂಗಸರ ಸಾಲು ಹಾಡನ್ನು ಎತ್ತಿಕೊಂಡಿತು, ಕೊನೆಯವರೆಗೂ ಅವರೇ ಹಾಡಿದರು. ಮೇಸ್ತ್ರಿ ಕರಣೆ ಹಿಡಿದು ಮುಂದೆಯೇ ನಿಂತಿದ್ದರು. ಹಿಂದಕ್ಕೆ ಸರಿಯುವುದೂ ಹೊಳೆಯಲಿಲ್ಲ.

ಜನ ಒಳ್ಳೆಯವರು. ಮೊದಲ ಸಲ ಮುಂದೆ ನಿಂತರೆ ಯಾರಿಗಾದರೂ ಹೀಗಾಗುತ್ತೆ ಎಂದು ಬೆನ್ನು ತಟ್ಟಿದರು. ಟೀಚರ್‌ಗೆ ವಿಷಯ ತಿಳಿಸಿದವನು ಬೇಕರಿಯವನು. ಮೊದಲೇ ಯಾಕೆ ಒಬ್ಬರೂ ಬಾಯಿ ಬಿಡಲಿಲ್ಲ ಎಂದು ಅವರು ಅವನನ್ನು ಕೇಳಿದರು.

ಮಾರನೆಯ ದಿನ ಶಾಲೆ ಬಿಟ್ಟವರೇ ಟೀಚರ್ ಮೇಸ್ತ್ರಿಯ ಮನೆಗೆ ಬಂದರು. "ನನಗೆ ಗೊತ್ತಿರಲಿಲ್ಲ ಮೇಸ್ತ್ರಿಗಳೇ," ಎಂದು ಬಾಗಿಲಲ್ಲೇ ನಿಂತುಬಿಟ್ಟರು. ಅವರಿಗೆ ಏನಾದರೂ ಸಮಾಧಾನ ಹೇಳಬೇಕೆಂದು ಮೇಸ್ತ್ರಿಗೆ ಅನಿಸಿತು. ಕುರ್ಚಿ ಮುಂದೆ ಎಳೆದು ಚಹಾ ಮಾಡಲು ಹೋದರು. ಹೆಂಡತಿಯ ಕೋಣೆಯಿಂದ ಟೀಚರ್ ಅಳುವುದು ಕೇಳಿಸಿತು, ಮಲಗಿದ್ದಲ್ಲಿಂದಲೇ ಹೆಂಡತಿ ಅವರನ್ನು ಸಂತೈಸುವುದೂ ಕೇಳಿಸಿತು. "ನೀವು ಬರೆದಿದ್ದು ಸರಿಯಾಗೇ ಇದೆ," ಎನ್ನುತ್ತಿದ್ದಳು, "ಅದರಲ್ಲಿ ಒಂದಕ್ಷರ ಬದಲಾಯಿಸಬೇಡಿ." ಮೇಸ್ತ್ರಿ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತರು. ಮೂವರೂ ಹಾಗೇ ಕುಡಿದರು.

ಆಮೇಲೆ ಮೇಸ್ತ್ರಿ ಗಾಯಕರ ಸಾಲಿಗೆ ಹೋಗಲಿಲ್ಲ, ದನಿ ಕೆಟ್ಟಿದೆ ಎಂದು ಹೇಳಿ ಕಳಿಸಿದರು. ಬೇರೆ ಎರಡು ಚರ್ಚುಗಳಲ್ಲಿ ಆ ನಾಟಕ ಆದಾಗ ಗೋಡೆಯ ಹಾಡನ್ನು ಬೇಕರಿಯವನು ಹಾಡಿದ. ಬಟ್ಟೆ ವ್ಯಾಪಾರಿ ಹೊಸ ಮನೆಗೆ ಬಂದು ಸೇರಿದ್ದಾನೆ. ತಾರಸಿಯ ಮೇಲೆ ಅವನ ಸೊಸೆ ಬಟ್ಟೆ ಹರವುತ್ತಾಳಂತೆ. ಮೇಸ್ತ್ರಿ ಆ ರಸ್ತೆ ಬಿಟ್ಟು ಸುತ್ತು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾರೆ.

ಟೀಚರ್ ಮಾತ್ರ ಶನಿವಾರ ಮಧ್ಯಾಹ್ನ ತಪ್ಪದೆ ಬರುತ್ತಾರೆ. ತಾವು ಬರೆಯುತ್ತಿರುವ ಹೊಸ ಹಾಡುಗಳ ಪುಸ್ತಕ ತಂದು ಹಾಸಿಗೆಯ ಪಕ್ಕ ಕೂರುತ್ತಾರೆ. ಯಾವ ಸಾಲು ನಾಲಗೆಗೆ ತೊಡರುತ್ತದೆ ಎಂದು ಮೇಸ್ತ್ರಿಯ ಹೆಂಡತಿಯೇ ತಿದ್ದಿ ಹೇಳುತ್ತಾಳೆ. ಮೇಸ್ತ್ರಿ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಒಮ್ಮೊಮ್ಮೆ ಒಳಗಿನಿಂದ ಇಬ್ಬರೂ ಜೋರಾಗಿ ನಗುವುದು ಕೇಳಿಸುತ್ತದೆ. ಏನು ವಿಷಯ ಎಂದು ಒಳಗೆ ಹೋಗಿ ಕೇಳಬಹುದು. ಎದ್ದು ಬಾಗಿಲ ತನಕ ಹೋಗುತ್ತಾರೆ, ಆಕೆಯ ನಗು ತನ್ನನ್ನು ಕಂಡು ಎಲ್ಲಿ ನಿಂತುಬಿಡುತ್ತದೋ ಎಂದು ಹಿಂದಿರುಗಿ ಕೂರುತ್ತಾರೆ.