ಫೋಟೋದಲ್ಲಿ ನಿಂತವರು

ಮಾನ್ವಿಯ ನಮ್ಮ ಅಕ್ಕಿ ಗಿರಣಿಗೆ ದಿನಾ ಬೆಳಿಗ್ಗೆ ಬರುವ ನಿವೃತ್ತ ಹೆಡ್‌ಮಾಸ್ತರ ಸುಂಕಪ್ಪನವರಿಗೆ ಪೇಪರಿನ ಸುದ್ದಿ ಬೇಡ, ಫೋಟೋ ಸಾಕು. ದೇಶದೇಶಗಳ ಸಭೆಯ ಚಿತ್ರ ಬಂದರಂತೂ ಅವರಿಗೆ ಹಬ್ಬ. ಕನ್ನಡಕ ಏರಿಸಿ, ಕುಳಿತವರೆಷ್ಟು ನಿಂತವರೆಷ್ಟು ಎಂದು ಬೆರಳಿಟ್ಟು ಎಣಿಸುತ್ತಾರೆ. "ಆಳಿದ ಬಿಳಿಯರು ಕುಂತಾರ, ಆಳಿಸಿಕೊಂಡ ಕರಿಯರು ಹಿಂದ ನಿಂತಾರ. ಯಾರ ನ್ಯಾಯ ಗೆದ್ದೀತು ಅಂತ ಮತ್ತ ಓದಬೇಕೇನ್ರಿ?" ಪೇಪರ್ ನನ್ನದು, ತೀರ್ಪು ಅವರದು. "ಕಾಲ ಬದಲಾಗೇದ್ರಿ ಮಾಸ್ತರ, ಈಗ ಎಲ್ಲಾ ದೇಶಾನೂ ಸಮಾನ" ಎಂದು ನಾನು ವಾದಿಸಿದರೆ, "ಮಾತಿಗೆ ಹೌದ್ರಿ. ಕುರ್ಚಿಗೆ?" ಎಂದು ನಗುತ್ತಾರೆ. ಅವರ ಅಪ್ಪ ಇದೇ ಗಿರಣಿಯಲ್ಲಿ ಮೂಟೆ ಹೊತ್ತವರು. ನಿನ್ನೆ ಗಾದಿಯ ಮೇಲಿಂದ ಕತ್ತೆತ್ತಿದಾಗ ನನಗೆ ಹೊಳೆಯಿತು: ಹತ್ತು ವರ್ಷದಿಂದ ಅವರು ಇದನ್ನೆಲ್ಲ ಬಾಗಿಲ ಬಳಿ ನಿಂತೇ ಹೇಳುತ್ತಿದ್ದಾರೆ, ನಾನು ಕುಳಿತೇ ವಾದಿಸುತ್ತಿದ್ದೇನೆ.