ಒಂದೇ ಕಣ್ಣಿನ ಕೆಂಪು

ಲೇತ್ ವರ್ಕ್‌ಶಾಪಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವನು 'ಕಣ್ ಡಾಕ್ಟ್ರು'. ಓದಿದ್ದು ಏಳನೇ ಕ್ಲಾಸು. ಆದರೂ ಯಾರ ಕಣ್ಣಿಗೆ ಕಬ್ಬಿಣದ ಚೂರು ಹಾರಿದರೂ ಮೆಷಿನ್ ನಿಲ್ಲಿಸಿ ಅವನ ಮುಂದೆಯೇ ಮುಖ ಎತ್ತಿ ನಿಲ್ಲುತ್ತಿದ್ದರು. ರೆಪ್ಪೆಯನ್ನು ಬೆಂಕಿಕಡ್ಡಿಯ ಮೇಲೆ ಮಗುಚಿ, ಕರ್ಚೀಫಿನ ತುದಿಯನ್ನು ಬತ್ತಿಯಂತೆ ಹೊಸೆದು, ಉಸಿರು ಬಿಗಿಹಿಡಿದು ಚೂರನ್ನು ಎತ್ತಿಬಿಡುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಕಣ್ಣೂ ಕೆಟ್ಟಿರಲಿಲ್ಲ. ಹೊಗಳಿಕೆ ತಲೆಗೇರಿತ್ತು, ಅಷ್ಟೇ.

ಆ ವರ್ಷ ಊರಿಗೆಲ್ಲ ಕಣ್ಣುಬೇನೆ ಬಂತು. ವರ್ಕ್‌ಶಾಪಿನ ಅರ್ಧ ಜನ ಕಪ್ಪು ಕನ್ನಡಕ ಏರಿಸಿ ಸಿನಿಮಾ ಹೀರೋಗಳ ಹಾಗೆ ಓಡಾಡಿದರು. ಬೆಳಿಗ್ಗೆ ಎದ್ದರೆ ಪಿಸರಿಗೆ ರೆಪ್ಪೆ ಅಂಟಿಕೊಂಡಿರುತ್ತಿತ್ತು. ಒಂದು ಕಣ್ಣಿಂದ ಇನ್ನೊಂದಕ್ಕೆ ಹತ್ತಿ, ವಾರವೆಲ್ಲ ತುರಿಸಿ, ತಾನಾಗಿ ಇಳಿಯುತ್ತಿತ್ತು.

"ಹೆದರ್ಬೇಡ್ರೋ. ಟವೆಲ್ ಬೇರೆ ಬೇರೆ ಇಟ್ಕೊಳ್ಳಿ, ಸಾಕು," ಎನ್ನುತ್ತಿದ್ದ ಅವನು. ಅವನು ಹೇಳಿದಂತೆಯೇ ಆಗುತ್ತಿತ್ತು. ಹಾಳಾದ್ದು, ಅಲ್ಲೇ ಎಡವಟ್ಟಾಯಿತು.

ಗಂಡ ತೀರಿಕೊಂಡ ಮೇಲೆ ತಂಗಿ ಅವನ ಮನೆಯಲ್ಲೇ ಇದ್ದಳು. ಪಿಂಗಾಣಿ ಸಾಮಾನಿನ ಗೋದಾಮಿನಲ್ಲಿ ತಟ್ಟೆಗಳ ನಡುವೆ ಒಣಹುಲ್ಲು ತುರುಕುವ ಕೆಲಸ ಅವಳದು. ಒಂದು ಸಂಜೆ ಎಡಗಣ್ಣು ಮುಚ್ಚಿಕೊಂಡು ಬಂದಳು.

"ಅಣ್ಣ, ಹುಲ್ಲು ತಾಗ್ತು. ಒಳಗೇನಾದ್ರೂ ಇದೆಯಾ ನೋಡು."

ರೆಪ್ಪೆ ಮಗುಚಿ, ಟಾರ್ಚ್ ಬಿಟ್ಟು ನೋಡಿದ. ಬೆಳಕಿಗೆ ಅವಳು ಚೀರಿದಳು. ಒಳಗೆ ಏನೂ ಇರಲಿಲ್ಲ. ಅವನ ಕಸುಬಿನ ಲೆಕ್ಕದಲ್ಲಿ ಕಣ್ಣಿಗೆ ಬಿದ್ದದ್ದು ಒಳಗಿರಬೇಕು, ಇಲ್ಲವೇ ಹೋಗಿರಬೇಕು. ಹೋಗುವಾಗ ಗೀರಿ ಹೋಗಿರಬಹುದು ಎಂಬುದು ಅವನಿಗೆ ಹೊಳೆಯಲೇ ಇಲ್ಲ.

"ಏನೂ ಇಲ್ಲ ಕಣೆ. ಊರಿಗೆಲ್ಲ ಬಂದಿರೋದೇ ನಿಂಗೂ ಬಂದಿದೆ."

"ಒಂದೇ ಕಣ್ಣು ಅಲ್ವಾ? ಪಿಸರೂ ಇಲ್ಲ. ನೋವು ಹುಬ್ಬಿನ ತನಕ ಏರುತ್ತೆ."

"ನಾಳೆ ಇನ್ನೊಂದಕ್ಕೂ ಬರುತ್ತೆ ತಡಿ. ನಂಗೇ ಹೇಳ್ಕೊಡ್ತೀಯಾ?"

ಹಿಂದಿನ ವರ್ಷ ಅವನ ಕಣ್ಣಿನ ಉರಿಗೆ ಆಸ್ಪತ್ರೆಯಲ್ಲಿ ಕೊಟ್ಟಿದ್ದ ಡ್ರಾಪ್ಸ್ ಗೂಡಿನಲ್ಲಿ ಅರ್ಧ ಉಳಿದಿತ್ತು. ದಿನಕ್ಕೆ ಮೂರು ಸಲ ತಾನೇ ಹಾಕಿದ. ಎರಡೇ ದಿನಕ್ಕೆ ಕೆಂಪು ಇಳಿಯಿತು. "ನೋಡಿದ್ಯಾ?" ಎಂದು ಬೀಗಿದ. ನೋವು ಮಾತ್ರ ಇಳಿಯಲಿಲ್ಲ. ಬೆಳಕು ತಡೆಯಲಾರದೆ ಅವಳು ಕಿಟಕಿಗೆ ಚಾದರ ಕಟ್ಟಿಕೊಂಡಳು. "ನಿಂದು ಯಾವಾಗ್ಲೂ ಅತಿ," ಎಂದು ರೇಗಿದ. ಆಸ್ಪತ್ರೆಗೆ ಹೋಗೋಣ ಎಂದು ಅವಳು ಎರಡು ಸಲ ಕೇಳಿದ್ದಳು.

ಹತ್ತನೆಯ ದಿನ ಅವಳು ಲೋಟಕ್ಕೆ ಕೈ ಚಾಚಿದಾಗ ಕೈ ಲೋಟದ ಪಕ್ಕಕ್ಕೆ ಹೋಯಿತು. ಎದ್ದು ಹೋಗಿ ರೆಪ್ಪೆ ಎತ್ತಿ ನೋಡಿದ. ಕರಿಗುಡ್ಡೆಯ ಮೇಲೆ ಸುಣ್ಣ ಸಿಡಿದಂಥ ಬಿಳಿ ಚುಕ್ಕೆ. ಅವನು ಆಟೋ ಕರೆಯಲು ಓಡಿದ.

ಆಸ್ಪತ್ರೆಯ ಡಾಕ್ಟರಮ್ಮ ಮೆಷಿನ್ನಿನಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ತಂಗಿ ತಂದಿದ್ದ ಡ್ರಾಪ್ಸ್ ಬಾಟ್ಲಿಯನ್ನು ತಿರುಗಿಸಿ ಓದಿದರು. ಅವರ ಮುಖ ಬಿಗಿಯಿತು.

"ಕಣ್ಣುಬೇನೆ ಆದ್ರೆ ತುರಿಕೆ, ಪಿಸರು ಇರುತ್ತೆ, ನೋಟ ಅಷ್ಟಾಗಿ ಕೆಡಲ್ಲ. ಇಷ್ಟು ನೋವು, ಬೆಳಕಿಗೆ ಚುಚ್ಚೋದು, ಮಂಜಾಗೋದು ಇದ್ರೆ ಅದು ಬೇರೆ ಕಾಯಿಲೆ, ಅವತ್ತೇ ಬರ್ಬೇಕು. ಹುಲ್ಲು ಗೀರಿದ ಜಾಗದಲ್ಲಿ ಬೂಷ್ಟು ಹಿಡಿದು ಹುಣ್ಣಾಗಿದೆ. ಈ ಸ್ಟೀರಾಯ್ಡ್ ಡ್ರಾಪ್ಸ್ ಕೆಂಪನ್ನ ಮುಚ್ಚಿಟ್ಟು ಹುಣ್ಣನ್ನ ಬೆಳೆಸಿದೆ. ಹುಣ್ಣು ವಾಸಿ ಮಾಡ್ತೀವಿ. ನೋಟ ವಾಪಸ್ ಬರಲ್ಲಮ್ಮ. ಇದನ್ನ ಹಾಕು ಅಂತ ಹೇಳಿದ್ಯಾರು?"

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಯಾರೂ ಇಲ್ಲ ಮೇಡಂ, ನಾನೇ ಹಾಕ್ಕೊಂಡೆ," ಅಂದಳು ತಂಗಿ.

ಡಾಕ್ಟರಮ್ಮ ಅವಳಿಗೆ ಚೆನ್ನಾಗಿ ಬೈದರು. ಸ್ವಂತ ವೈದ್ಯ ಯಾಕೆ ಮಾಡ್ಕೊಂಡೆ, ಬುದ್ಧಿ ಬೇಡ್ವಾ ಎಂದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಅವನು ಎರಡೇ ಮಾತು ಆಡಿದ್ದರೆ ಆಗುತ್ತಿತ್ತು. ಊರವರ ಕಣ್ಣೆಲ್ಲ ನೋಡಿದ್ದ ಆ ಹೇಡಿ ತಂಗಿಯ ಮುಖ ನೋಡಲಾರದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತ.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದರು. ರಸ್ತೆ ದಾಟುವ ಮುಂಚೆ ತಂಗಿ ನಿಂತಳು.

"ಅಣ್ಣ, ಎಡಗಡೆಗೆ ಬಾ. ಆ ಕಡೆ ಗಾಡಿ ಬಂದ್ರೆ ನಂಗೆ ಕಾಣಲ್ಲ."

ಅವನು ಆ ಕಡೆಗೆ ಬಂದು ಅವಳ ತೋಳು ಹಿಡಿದುಕೊಂಡ. ಅಳು ಉಕ್ಕಿ ಬಂತು.

"ನಾನೇ ಹಾಕಿದ್ದು ಅಂತ ಹೇಳ್ಬೇಕಿತ್ತು ಕಣೆ," ಅಂದ.

"ಹೇಳ್ಬೇಕಿತ್ತು," ಅಂದಳು ತಂಗಿ.