ಕುರಿ ಬರುವ ಹೊತ್ತಿನ ಜ್ವರ

ಎಮರ್ಜೆನ್ಸಿ ಮುಗಿದ ವರ್ಷದ ಬೇಸಿಗೆ. ದಿನಾ ಸಂಜೆ ಕುರಿಗಳು ರೊಪ್ಪಕ್ಕೆ ಬರುವ ಹೊತ್ತಿಗೆ ನನ್ನ ಮೈ ಬಿಸಿಯಾಗುತ್ತಿತ್ತು. ಕುರಿಗಳ ಕಾವು, ಧೂಳು, ಅಷ್ಟೇ ಅಂದುಕೊಂಡೆ. ಯಗಟಿ ಕಡೆಯ ಕುರುಬರ ಮನೆ ಹೆಂಗಸಿಗೆ ಆ ಹೊತ್ತಲ್ಲಿ ಮಲಗೋ ಪುರುಸೊತ್ತು ಎಲ್ಲಿ? ಮರಿಗಳನ್ನು ತಾಯಿಗೆ ಬಿಡಬೇಕು. ಎರಡು ತಿಂಗಳು ಹೀಗೇ ತಳ್ಳಿದೆ.

ಕೆಮ್ಮಿದಾಗ ರಕ್ತ ಬಂತು.

ತರೀಕೆರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ಟಿ.ಬಿ. ಅಂದರು. ಮೂರು ತಿಂಗಳು ದಿನಾ ಇಂಜೆಕ್ಷನ್, ಒಂದೂ ತಪ್ಪಬಾರದು. ವಾರ್ಡಿನ ಕೊನೆಯ ಮಂಚ ಕೊಟ್ಟರು. ನನ್ನ ಕಂಬಳಿಯಲ್ಲಿ ಹೇನಿದೆಯಂತೆ, ಗಂಡನ ಕೈಗೆ ಕೊಟ್ಟು ವಾಪಸ್ ಕಳಿಸಿದರು. ಅತ್ತೆ ನೂತ ಉಣ್ಣೆಯ ಕಂಬಳಿ ಅದು. ಹುಟ್ಟಿದ ಮಗುವನ್ನು ಅದರಲ್ಲೇ ಸುತ್ತುತ್ತೇವೆ, ದೇವರನ್ನೂ ಅದರ ಮೇಲೇ ಕೂರಿಸುತ್ತೇವೆ. ಮೈಯೆಲ್ಲ ಉರಿದುಹೋಯಿತು. ಜಗಳಕ್ಕೆ ಬಾಯಿ ತೆರೆದರೆ ಬರೀ ಕೆಮ್ಮು.

ಕಿಟಕಿ ತೆಗೆದರೆ ಗೋಡೆ.

ಹೊತ್ತು ಎಲ್ಲಿಗೆ ಬಂತು ಅಂತಲೂ ಗೊತ್ತಾಗುತ್ತಿರಲಿಲ್ಲ. ಆದರೂ ಮೈ ಕಾದ ಕೂಡಲೇ ಕುರಿ ಬಂದವು ಅಂತ ಎದ್ದು ಕೂರುತ್ತಿದ್ದೆ. ನರ್ಸಮ್ಮ ಹಿಡಿದು ಮಲಗಿಸುತ್ತಿದ್ದರು. ಬ್ರೆಡ್ಡು ಸೇರಲಿಲ್ಲ. ಗಂಡ ಮುದ್ದೆ ತಂದರೂ ಗಂಟಲಲ್ಲಿ ಇಳಿಯಲಿಲ್ಲ. ಇಲ್ಲೇ ಇದ್ದರೆ ಹೊಟ್ಟೆಗಿಲ್ಲದೆ ಸಾಯುತ್ತೇನೆ, ಓಡಿಹೋದರೆ ಇಂಜೆಕ್ಷನ್ ತಪ್ಪಿ ಸಾಯುತ್ತೇನೆ, ಎರಡರಲ್ಲಿ ಯಾವುದಾದರೂ ಮನೆಯಲ್ಲಿರುವ ಮೂರು ವರ್ಷದ ಮಗಳಿಗೆ ತಾಯಿ ಇರುವುದಿಲ್ಲ ಅನ್ನುವುದೊಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು.

ತೂಕ ನೋಡಿದ ಡಾಕ್ಟರು ಯಾಕಮ್ಮಾ ಉಣ್ಣಲ್ಲ ಅಂತ ಗದರಿದರು.

"ಕುರಿ ರೊಪ್ಪಕ್ಕೆ ಸೇರ್ದೆ ನಾವು ಉಣ್ಣಲ್ಲ ಸ್ವಾಮಿ," ಅಂದೆ. "ಇಲ್ಲಿಗೆ ಬಂದ್ಮೇಲೆ ಒಂದಿನಾನೂ ಕುರಿ ಬಂದಿಲ್ಲ."

ಅವರು ನಗಲಿಲ್ಲ. ಯಗಟಿಯ ಹೆಲ್ತ್ ಯೂನಿಟ್ಟಿನ ಕಂಪೌಂಡರಿಗೆ ಚೀಟಿ ಬರೆದರು, ಇಂಜೆಕ್ಷನ್ ಅಲ್ಲೇ ಹಾಕಲಿ ಅಂತ. ಒಂದು ತಪ್ಪಿದರೂ ಮತ್ತೆ ಇದೇ ಮಂಚ ಅಂತ ಹೆದರಿಸಿದರು.

"ದಿನಾ ಕುರಿ ಅತ್ಲಾಗೇ ಹೊಡ್ಕೊಂಡ್ ಹೋಗ್ತೀನಿ ಬುದ್ಧೀ," ಅಂದ ನನ್ನ ಗಂಡ. "ಇವ್ಳು ತಪ್ಪಿಸ್ಕೊಂಡ್ರೂ ಕುರಿ ತಪ್ಪಲ್ಲ."

ಹಾಗೇ ಆಯಿತು. ದಿನಾ ಬೆಳಿಗ್ಗೆ ಕುರಿಗಳ ಹಿಂದೆ ನಾನು. ಬಾಗಿಲ ತುಂಬ ಹಿಕ್ಕೆ ಅಂತ ಬೈಯುತ್ತಲೇ ಕಂಪೌಂಡರು ಸೂಜಿ ಚುಚ್ಚುತ್ತಿದ್ದರು. ರೊಪ್ಪದ ಪಕ್ಕ ಚಪ್ಪರ ಹಾಕಿ ನನ್ನನ್ನು ಬೇರೆ ಮಲಗಿಸಿದರು. ಮಗಳನ್ನು ಹತ್ತಿರ ಬಿಡುತ್ತಿರಲಿಲ್ಲ. ಅವಳು ದೂರ ನಿಂತು ಅಳುತ್ತಿದ್ದಳು, ನಾನು ಕಂಬಳಿ ಮುಸುಕೆಳೆದು ಅಳುತ್ತಿದ್ದೆ. ಆದರೆ ಕುರಿ ಒಳಗಾದ ಮೇಲೆ ಅರ್ಧ ಮುದ್ದೆ ಇಳಿಯುತ್ತಿತ್ತು.

ಗುಣ ಮಾಡಿದ್ದು ಇಂಜೆಕ್ಷನ್ನೇ, ಇಲ್ಲ ಅನ್ನಲ್ಲ. ಅದು ಕೆಲಸ ಮಾಡುವ ತನಕ ಮೈಯಲ್ಲಿ ಜೀವ ನಿಲ್ಲಬೇಕಿತ್ತಲ್ಲ.

ಇಂಜೆಕ್ಷನ್ ಮುಗಿಯುತ್ತಾ ಬಂದಾಗ ಒಂದು ಸಂಜೆ ಕುರಿ ಬಂದವು. ಜ್ವರಕ್ಕೆ ಕಾದು ಕೂತೆ. ಕೊನೆಯ ಮರಿಯೂ ಒಳಗೆ ಹೋಯಿತು. ಕತ್ತು ಮುಟ್ಟಿ ನೋಡಿಕೊಂಡೆ, ತಣ್ಣಗಿತ್ತು.

ಅತ್ತೆಯನ್ನು ಕರೆದು ಇನ್ನರ್ಧ ಮುದ್ದೆ ಕೇಳಿದೆ.